ಆಟ ಮುಗಿದ ಮೇಲೆ ಆರಂಭವಾಗುವ ಕಾಯಕ



ಈಚೆಗೆ ತರೀಕೆರೆಯಲ್ಲಿ ಬಂಧುಗಳೊಬ್ಬರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಪ್ರಸಾದ ಮುಗಿದು ಪಡಸಾಲೆಯಲ್ಲಿ ಎಲೆಯಡಿಕೆಯ ತಟ್ಟೆಯ ಸುತ್ತ ಕುಳಿತಿದ್ದಾಗ, ಅಡಿಕೆ ತೋಟದ ಒಡೆಯರಾದ ಹಿರಿಯರೊಬ್ಬರು ತಮ್ಮ ಮನೆಯ ಚಿಂತೆಯೊಂದನ್ನು ಮುಂದಿಟ್ಟರು. ಅವರ ಮೊಮ್ಮಗ ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದಾನೆ. ಓದಿನಲ್ಲಿ ಹಿಂದೆ ಬಿದ್ದವನಲ್ಲ. ಆದರೆ ಸಂಜೆಯಾಯಿತೆಂದರೆ ಅವನ ಕಾಲು ಮನೆಯಲ್ಲಿ ನಿಲ್ಲುವುದಿಲ್ಲ. ಶಾಲೆಯ ಬಯಲಿಗೆ ಓಡುತ್ತದೆ. ಕಾಲ್ಚೆಂಡಿನ ಹುಚ್ಚು. ‘ಆಡಲಿ, ಬೇಡವೆನ್ನುವುದಿಲ್ಲ. ಆದರೆ ಹೆಚ್ಚೆಂದರೆ ಮೂವತ್ತು ವರ್ಷದವರೆಗೆ ಆಡಿಯಾನು. ಆಮೇಲೆ ಏನು? ಮುಂದಿನ ವರ್ಷ ಹತ್ತನೆಯ ತರಗತಿ. ಈಗಲೇ ಬಿಡಿಸಿಬಿಡೋಣವೆಂದು ಅವರಪ್ಪ ಹೇಳುತ್ತಿದ್ದಾನೆ. ನೀವು ಏನು ಹೇಳುತ್ತೀರಿ?’ ಎಂದು ಕೇಳಿದರು.

ನಾನು ಕೂಡಲೆ ಉತ್ತರ ಹೇಳಲಿಲ್ಲ. ಸಂಜೆ ಬಸ್ಸಿಗೆ ಇನ್ನೂ ಹೊತ್ತಿದ್ದುದರಿಂದ ಆ ಬಯಲಿನ ಕಡೆಗೆ ಹೋಗಿ ನಿಂತೆ. ಇಪ್ಪತ್ತು ಇಪ್ಪತ್ತೈದು ಹುಡುಗರು ಧೂಳೆಬ್ಬಿಸಿ ಆಡುತ್ತಿದ್ದರು. ನೋಡಲು ನಿಂತವರ ಕಣ್ಣೆಲ್ಲ ಚೆಂಡಿನ ಮೇಲೆ. ಬಯಲಿನ ಅಂಚಿನಲ್ಲಿ ಕೊರಳಿಗೆ ಸಿಳ್ಳೆ ಕಟ್ಟಿಕೊಂಡು, ತಲೆ ನರೆತ ಒಬ್ಬ ಮೇಷ್ಟರು ನಿಂತಿದ್ದರು. ಅವರ ಕಣ್ಣು ಚೆಂಡಿನ ಮೇಲಿರಲಿಲ್ಲ. ಚೆಂಡಿಲ್ಲದ ಹುಡುಗರು ಎಲ್ಲಿ ನಿಂತಿದ್ದಾರೆಂಬುದನ್ನು ನೋಡುತ್ತಿತ್ತು. ಆಗಾಗ ಒಬ್ಬನನ್ನು ಹತ್ತಿರ ಕರೆದು, ಹೆಗಲ ಮೇಲೆ ಕೈಯಿಟ್ಟು ಎರಡು ಮಾತು ಹೇಳಿ ಕಳುಹಿಸುತ್ತಿದ್ದರು. ಹಿರಿಯರ ಪ್ರಶ್ನೆಗೆ ಉತ್ತರ ಅಲ್ಲಿಯೇ ನಿಂತಿದೆಯೆಂದು ನನಗೆ ತೋರಿತು. ‘ಆಮೇಲೆ ಏನು?’ ಎಂಬ ಪ್ರಶ್ನೆಯನ್ನು ನಮ್ಮ ನಾಡಿನ ಒಬ್ಬ ಆಟಗಾರನ ಬದುಕನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಈ ತಿಂಗಳ ಅಂಕಣದ ಉದ್ದೇಶ. ಆತನ ಹೆಸರು ಕಾರ್ಲ್‌ಟನ್ ಚಾಪ್‌ಮನ್.

ಚಾಪ್‌ಮನ್ ಹುಟ್ಟಿದ್ದು ೧೯೭೧ರ ಏಪ್ರಿಲ್ ೧೩ರಂದು, ಬೆಂಗಳೂರಿನಲ್ಲಿ. ಎಂಬತ್ತರ ದಶಕದ ನಡುವಿನಲ್ಲಿ ಭಾರತ ಕ್ರೀಡಾ ಪ್ರಾಧಿಕಾರದ ಬೆಂಗಳೂರು ಕೇಂದ್ರದಲ್ಲಿ ಆಟದ ಓನಾಮ ಕಲಿತು, ನಗರದ ಸದರ್ನ್ ಬ್ಲೂಸ್ ಎಂಬ ತಂಡಕ್ಕೆ ಆಡತೊಡಗಿದರು. ೧೯೯೦ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ, ಊರು ಬಿಟ್ಟು ಜಮ್‌ಶೆಡ್‌ಪುರಕ್ಕೆ ಹೋದರು. ಅಲ್ಲಿ ೧೯೮೭ರಲ್ಲಿ ಟಾಟಾ ಸಂಸ್ಥೆಯವರು ಕಾಲ್ಚೆಂಡಾಟಕ್ಕೆಂದೇ ಒಂದು ವಸತಿ ಶಾಲೆಯನ್ನು ತೆರೆದಿದ್ದರು. ಟಾಟಾ ಫುಟ್‌ಬಾಲ್ ಅಕಾಡೆಮಿ ಎಂದು ಅದರ ಹೆಸರು. ದೇಶದ ಬೇರೆ ಬೇರೆ ಮೂಲೆಗಳಿಂದ ಆರಿಸಿ ತಂದ ಹುಡುಗರಿಗೆ ಊಟ, ವಸತಿ, ಓದು, ಆಟ ಎಲ್ಲವೂ ಒಂದೇ ಕಡೆ. ನಮ್ಮ ಮಠಗಳ ಉಚಿತ ಪ್ರಸಾದ ನಿಲಯಗಳಲ್ಲಿ ಬೆಳೆದವರಿಗೆ ಆ ವ್ಯವಸ್ಥೆಯ ಬೆಲೆ ಚೆನ್ನಾಗಿ ಗೊತ್ತು. ಮನೆಯಿಂದ ದೂರವಿದ್ದು, ಹತ್ತು ಜನರೊಡನೆ ಪಂಕ್ತಿಯಲ್ಲಿ ಉಂಡು, ಗಂಟೆ ಹೊಡೆದಾಗ ಎದ್ದು ಬೆಳೆದ ಹುಡುಗನಿಗೆ ತನ್ನ ಕೈಕಾಲಿನ ಮೇಲೆ ತಾನು ನಿಲ್ಲುವುದು ಬೇಗ ಬರುತ್ತದೆ.

ಚಾಪ್‌ಮನ್ ಆಡುತ್ತಿದ್ದುದು ಮಧ್ಯಕ್ಷೇತ್ರದಲ್ಲಿ. ಆಟದ ಪರಿಚಯವಿಲ್ಲದ ತಾಯಂದಿರಿಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹನ್ನೊಂದು ಜನರ ತಂಡದಲ್ಲಿ ಒಬ್ಬ ಗೋಲಿನ ಬಾಗಿಲು ಕಾಯುತ್ತಾನೆ. ಅವನ ಮುಂದೆ ರಕ್ಷಣೆಯ ಸಾಲು. ಎದುರಾಳಿಯ ಬಾಗಿಲ ಬಳಿ ಗೋಲು ಹೊಡೆಯುವ ಮುಂಚೂಣಿಯವರು. ಇವೆರಡು ಸಾಲುಗಳ ನಡುವೆ ನಿಂತು ಹಿಂದಿನವರಿಂದ ಚೆಂಡನ್ನು ಪಡೆದು ಮುಂದಿನವರಿಗೆ ತಲುಪಿಸುವವನೇ ಮಧ್ಯಕ್ಷೇತ್ರದ ಆಟಗಾರ. ತಂಡದಲ್ಲಿ ಹೆಚ್ಚು ಓಡುವವರಲ್ಲಿ ಅವನೂ ಒಬ್ಬ. ಆದರೆ ಮರುದಿನದ ಪತ್ರಿಕೆಯಲ್ಲಿ ಹೆಸರು ಬರುವುದು ಗೋಲು ಹೊಡೆದವನದು. ಚೆಂಡು ಬರುವ ಮೊದಲೇ ತಲೆಯೆತ್ತಿ ಯಾರು ಎಲ್ಲಿದ್ದಾರೆಂದು ನೋಡಿಟ್ಟುಕೊಳ್ಳಬೇಕು, ಬಂದ ಚೆಂಡನ್ನು ತನ್ನಲ್ಲಿ ಇಟ್ಟುಕೊಳ್ಳುವ ಆಸೆಯನ್ನು ಬಿಟ್ಟು ತಕ್ಕವನಿಗೆ ತಕ್ಕ ಹೊತ್ತಿನಲ್ಲಿ ಕೊಡಬೇಕು. ಮನೆಗೆ ಬಂದ ಜಂಗಮರಿಗೆ, ಅತಿಥಿಗಳಿಗೆ ಬಡಿಸುವಾಗ ಯಾರ ಎಲೆಯಲ್ಲಿ ಏನು ಮುಗಿದಿದೆಯೆಂದು ಅವರು ಕೇಳುವ ಮೊದಲೇ ಕಾಣುವ ಗೃಹಿಣಿಯ ಕಣ್ಣು ಹೇಗೋ, ಹಾಗೆ ಆ ಆಟಗಾರನ ಕಣ್ಣು.

೧೯೯೩ರಲ್ಲಿ ಚಾಪ್‌ಮನ್ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡವನ್ನು ಸೇರಿದರು. ಆ ಋತುವಿನಲ್ಲಿಯೇ ಏಷ್ಯಾ ಖಂಡದ ಕಪ್ ವಿಜೇತರ ಪಂದ್ಯಾವಳಿಯಲ್ಲಿ ಇರಾಕಿನ ಅಲ್ ಝವ್ರಾ ತಂಡ ಎದುರಾಯಿತು. ಇರಾಕಿನವರು ಆಗ ಏಷ್ಯಾದ ಬಲಶಾಲಿಗಳಲ್ಲಿ ಎಣಿಕೆಯಾದವರು. ಈಸ್ಟ್ ಬೆಂಗಾಲ್ ಆ ಪಂದ್ಯವನ್ನು ೬–೨ರಿಂದ ಗೆದ್ದಿತು. ಆರರಲ್ಲಿ ಮೂರು ಗೋಲು ಚಾಪ್‌ಮನ್ನರವು. ಕೊಡುವುದನ್ನೇ ಕಲಿತವನಿಗೆ ಹೊಡೆಯುವುದೂ ಬರುತ್ತದೆಂದು ಅಂದು ತಿಳಿಯಿತು. ೧೯೯೫ರಲ್ಲಿ ಪಂಜಾಬಿನ ಫಗ್ವಾಡದ ಜೆ.ಸಿ.ಟಿ. ಗಿರಣಿಯ ತಂಡಕ್ಕೆ ಹೋದರು. ಕೇರಳದ ಐ.ಎಂ. ವಿಜಯನ್, ಸಿಕ್ಕಿಮಿನ ಭೈಚುಂಗ್ ಭುಟಿಯಾ, ಕರ್ನಾಟಕದ ಚಾಪ್‌ಮನ್ ಒಂದೇ ಅಂಗಿ ತೊಟ್ಟು ಆಡಿದ ಆ ತಂಡ, ೧೯೯೬–೯೭ರಲ್ಲಿ ದೇಶದಲ್ಲಿ ಮೊದಲ ಬಾರಿಗೆ ನಡೆದ ರಾಷ್ಟ್ರೀಯ ಲೀಗಿನ ಪ್ರಶಸ್ತಿಯನ್ನು ಗೆದ್ದುಕೊಂಡಿತು.

ಮುಂದೆ ಒಂದು ವರ್ಷ ಕೇರಳದ ಎಫ್.ಸಿ. ಕೊಚ್ಚಿನ್ ತಂಡದಲ್ಲಿ ಆಡಿ, ೧೯೯೮ರಲ್ಲಿ ಮತ್ತೆ ಈಸ್ಟ್ ಬೆಂಗಾಲಿಗೆ ಮರಳಿದರು. ೧೯೯೫ರಿಂದ ೨೦೦೧ರವರೆಗೆ ಭಾರತ ತಂಡದ ಆಟಗಾರರಾಗಿದ್ದು ನಾಯಕತ್ವವನ್ನೂ ವಹಿಸಿದರು. ೧೯೯೭ರಲ್ಲಿ ಕಠ್ಮಂಡುವಿನಲ್ಲಿ ನಡೆದ ದಕ್ಷಿಣ ಏಷ್ಯಾ ಪಂದ್ಯಾವಳಿಯ ಅಂತಿಮ ಪಂದ್ಯದಲ್ಲಿ ಭಾರತ ಮಾಲ್ಡೀವ್ಸ್ ತಂಡವನ್ನು ೫–೧ರಿಂದ ಸೋಲಿಸಿದ ಕಾಲ ಅವರ ಏಳಿಗೆಯ ಕಾಲ. ಅವರ ನಾಯಕತ್ವದಲ್ಲಿ ಈಸ್ಟ್ ಬೆಂಗಾಲ್ ೨೦೦೦–೦೧ರ ರಾಷ್ಟ್ರೀಯ ಲೀಗನ್ನು ಗೆದ್ದಿತು. ಆ ವರ್ಷವೇ ಅವರು ಆಟಕ್ಕೆ ವಿದಾಯ ಹೇಳಿದರು. ವಯಸ್ಸು ಮೂವತ್ತು.

ತರೀಕೆರೆಯ ಹಿರಿಯರು ಹೇಳಿದ ಲೆಕ್ಕ ಇಲ್ಲಿಗೆ ಸರಿಯಾಯಿತು. ಉಳಿದ ಉದ್ಯೋಗಗಳಲ್ಲಿ ಮನುಷ್ಯ ಅನುಭವ ಪಡೆದು ಮೇಲೇರುವ ವಯಸ್ಸಿನಲ್ಲಿ ಆಟಗಾರನ ಮಂಡಿಗಳು ಅವನಿಗೆ ರಜೆ ಕೊಟ್ಟುಬಿಡುತ್ತವೆ. ಜಯಘೋಷ ನಿಲ್ಲುತ್ತದೆ. ಬೆಳಗ್ಗೆ ಎದ್ದರೆ ಹೋಗಬೇಕಾದ ಬಯಲಿಲ್ಲ. ಇಂತಹ ಗಳಿಗೆಯಲ್ಲಿ ಅನೇಕರು ಹಳೆಯ ಪದಕಗಳನ್ನು ನೋಡುತ್ತ ಕೊರಗುವುದುಂಟು. ಚಾಪ್‌ಮನ್ ಕೊರಗಲಿಲ್ಲ. ತಾನು ಹುಡುಗನಾಗಿದ್ದಾಗ ಚೀಲ ಹೊತ್ತುಕೊಂಡು ಯಾವ ಬಾಗಿಲಿಗೆ ಹೋಗಿದ್ದರೋ ಆ ಬಾಗಿಲಿಗೇ, ಜಮ್‌ಶೆಡ್‌ಪುರದ ಆ ಅಕಾಡೆಮಿಗೇ, ತರಬೇತುದಾರನಾಗಿ ಮರಳಿದರು. ಪಡೆದ ಕಡೆಯಲ್ಲಿಯೇ ಹಿಂತಿರುಗಿಸಲು ನಿಂತರು. ಅವರ ಬದುಕಿನ ದೊಡ್ಡ ಸಂಗತಿ ಯಾವುದೆಂದು ನನ್ನನ್ನು ಕೇಳಿದರೆ ಇರಾಕಿನವರ ಮೇಲೆ ಹೊಡೆದ ಮೂರು ಗೋಲಿಗಿಂತ ಇದನ್ನೇ ಹೇಳುವೆನು.

ಏಕೆಂದರೆ ಆ ಅಕಾಡೆಮಿಯಲ್ಲಿ ಅವರಿಗೆ ದೊರೆತುದು ಬರಿಯ ಊಟ ವಸತಿಯಲ್ಲ. ಅವರು ಅಲ್ಲಿದ್ದ ದಿನಗಳಲ್ಲಿ, ೧೯೯೧ರಿಂದ, ಅದರ ತಾಂತ್ರಿಕ ನಿರ್ದೇಶಕರಾಗಿದ್ದವರು ಪಿ.ಕೆ. ಬ್ಯಾನರ್ಜಿ. ಪ್ರದೀಪ್ ಕುಮಾರ್ ಬ್ಯಾನರ್ಜಿಯವರು ೧೯೬೦ರ ರೋಮ್ ಒಲಿಂಪಿಕ್ಸ್‌ನಲ್ಲಿ ಭಾರತದ ನಾಯಕರಾಗಿದ್ದವರು. ೧೯೬೨ರ ಜಕಾರ್ತ ಏಷ್ಯನ್ ಕ್ರೀಡಾಕೂಟದ ಅಂತಿಮ ಪಂದ್ಯದಲ್ಲಿ ದಕ್ಷಿಣ ಕೊರಿಯಾದ ಮೇಲೆ ಗೋಲು ಹೊಡೆದು ಚಿನ್ನ ತಂದವರಲ್ಲಿ ಒಬ್ಬರು. ಆಟ ನಿಂತ ಮೇಲೆ ಅವರೂ ಕಲಿಸುವ ದಾರಿಯನ್ನೇ ಹಿಡಿದರು. ಈಸ್ಟ್ ಬೆಂಗಾಲ್, ಮೋಹನ್ ಬಾಗಾನ್ ಎರಡು ತಂಡಗಳನ್ನೂ ತಿದ್ದಿದರು. ೧೯೭೭ರ ಸೆಪ್ಟೆಂಬರಿನಲ್ಲಿ ಜಗದ್ವಿಖ್ಯಾತ ಪೆಲೆ ತನ್ನ ಕಾಸ್ಮಾಸ್ ತಂಡದೊಡನೆ ಕಲ್ಕತ್ತೆಗೆ ಬಂದಾಗ ಅವರನ್ನು ೨–೨ರ ಸಮಸ್ಥಿತಿಯಲ್ಲಿ ತಡೆದ ಮೋಹನ್ ಬಾಗಾನಿನ ಹಿಂದೆ ನಿಂತಿದ್ದವರು ಇವರೇ. ಅಂತಹವರ ಉಸ್ತುವಾರಿಯಲ್ಲಿ ಚಾಪ್‌ಮನ್ ಬೆಳೆದರು.

ಆ ಪಿ.ಕೆ.ಯವರಿಗೆ ಕಲಿಸಿದವರು ಯಾರು? ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ. ವೃತ್ತಿಯಿಂದ ಶಾಲಾ ಉಪಾಧ್ಯಾಯರು. ೧೯೫೧ರ ದೆಹಲಿ ಏಷ್ಯನ್ ಕ್ರೀಡಾಕೂಟದ ಚಿನ್ನ, ೧೯೫೬ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ, ೧೯೬೨ರ ಜಕಾರ್ತದ ಚಿನ್ನ, ಈ ಮೂರೂ ಅವರ ತರಬೇತಿಯ ಫಲ. ೧೯೬೨ರ ತಂಡದಲ್ಲಿ ನಮ್ಮ ಬೆಂಗಳೂರಿನ ಅರುಮೈನಾಯಗಂ ಅವರೂ ಇದ್ದರೆಂಬುದನ್ನು ಕನ್ನಡಿಗರು ಹೆಮ್ಮೆಯಿಂದ ನೆನೆಯಬೇಕು. ಅಂತಿಮ ಪಂದ್ಯಕ್ಕೆ ಮುನ್ನ ಜರ್ನೈಲ್ ಸಿಂಗ್ ಎಂಬ ರಕ್ಷಣಾ ಆಟಗಾರನ ತಲೆಗೆ ಪೆಟ್ಟಾಗಿತ್ತು. ರಹೀಮರು ಅವರನ್ನು ಕೈಬಿಡಲಿಲ್ಲ; ಹಿಂದಿನ ಸಾಲಿನಿಂದ ತೆಗೆದು ಮುಂಚೂಣಿಯಲ್ಲಿ ನಿಲ್ಲಿಸಿದರು. ಭಾರತ ಹೊಡೆದ ಎರಡು ಗೋಲುಗಳಲ್ಲಿ ಒಂದು ಪಿ.ಕೆ.ಯವರದು, ಮತ್ತೊಂದು ತಲೆಗೆ ಪೆಟ್ಟು ತಿಂದಿದ್ದ ಜರ್ನೈಲರದು. ಯಾರ ಶಕ್ತಿ ಎಲ್ಲಿದೆ, ಅದನ್ನು ಎಲ್ಲಿ ಹೂಡಬೇಕು ಎಂದು ಕಾಣುವ ಈ ಕಣ್ಣೇ ಗುರುವಿನ ಕಣ್ಣು. ಆಗಲೇ ರಹೀಮರ ದೇಹವನ್ನು ಕ್ಯಾನ್ಸರ್ ಆವರಿಸಿತ್ತು. ಮರುವರ್ಷ, ೧೯೬೩ರ ಜೂನಿನಲ್ಲಿ, ಅವರು ತೀರಿಕೊಂಡರು. ಅವರ ಬದುಕನ್ನು ಕುರಿತ ಹಿಂದಿ ಚಲನಚಿತ್ರವೊಂದು ಬಂದದ್ದು ೨೦೨೪ರಲ್ಲಿ. ಅರುವತ್ತು ವರ್ಷಗಳ ಮೇಲೆ ದೇಶ ಆ ಮೇಷ್ಟರನ್ನು ನೆನಪಿಸಿಕೊಂಡಿತು.

ರಹೀಮರಿಂದ ಬ್ಯಾನರ್ಜಿಗೆ, ಬ್ಯಾನರ್ಜಿಯಿಂದ ಚಾಪ್‌ಮನ್ನರಿಗೆ, ಚಾಪ್‌ಮನ್ನರಿಂದ ಹೆಸರು ತಿಳಿಯದ ನೂರಾರು ಹುಡುಗರಿಗೆ ಹರಿದು ಬಂದ ಈ ವಿದ್ಯೆಯನ್ನು ನೋಡಿದರೆ ನಮಗೆ ಗುರುಪರಂಪರೆಯೆಂಬ ಮಾತು ನೆನಪಾಗದಿರದು. ಒಬ್ಬರು ಮುಸಲ್ಮಾನರು, ಒಬ್ಬರು ಬಂಗಾಳಿ ಹಿಂದೂಗಳು, ಒಬ್ಬರು ಕ್ರೈಸ್ತರು. ವಿದ್ಯೆ ಯಾರ ಜಾತಿಯನ್ನೂ ಕೇಳಲಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಮಡಿವಾಳ, ಅಂಬಿಗ, ನುಲಿಯ ಹೊಸೆಯುವವರು ಒಂದೇ ಮಂಟಪದಲ್ಲಿ ಕುಳಿತ ಚರಿತ್ರೆಯನ್ನು ಎದೆಯಲ್ಲಿಟ್ಟುಕೊಂಡ ನಮಗೆ ಇದು ಹೊಸದಾಗಿ ಕಾಣಬೇಕಾಗಿಲ್ಲ. ಆ ಮಂಟಪದ ಶೂನ್ಯಸಿಂಹಾಸನವನ್ನು ಏರಿದವರಾದರೂ ಯಾರು? ಬಳ್ಳಿಗಾವೆಯ ಅಲ್ಲಮರು. ಅವರು ಮೊದಲು ಮದ್ದಳೆ ನುಡಿಸುತ್ತಿದ್ದವರೆಂದು ನಮ್ಮ ಪುರಾತನರ ಚರಿತ್ರೆಗಳು ಹೇಳುತ್ತವೆ. ಕೈಬೆರಳುಗಳ ಚಮತ್ಕಾರದಿಂದ ಜನರನ್ನು ತಣಿಸುತ್ತಿದ್ದ ಕಲಾವಿದ, ಅನಿಮಿಷರಿಂದ ಲಿಂಗವನ್ನು ಪಡೆದು, ಮುಂದೆ ನೂರಾರು ಶರಣರ ಅನುಭವವನ್ನು ಒರೆಗೆ ಹಚ್ಚುವ ಪ್ರಭುದೇವರಾದರು. ಅಲ್ಲಮರ ನಿಲುವಿಗೆ ಆಟದ ಬಯಲಿನ ಯಾರನ್ನೂ ಹೋಲಿಸುವ ಧಾರ್ಷ್ಟ್ಯ ನನ್ನದಲ್ಲ. ಆದರೆ ನುಡಿಸುವವನು, ಆಡುವವನು ಒಂದು ಗಳಿಗೆಯಲ್ಲಿ ತನ್ನನ್ನು ಮರೆತು ಮತ್ತೊಬ್ಬರನ್ನು ಬೆಳೆಸಲು ನಿಲ್ಲುವ ಮಾರ್ಪಾಡು ನಮ್ಮ ಪರಂಪರೆಗೆ ಅಪರಿಚಿತವಲ್ಲ ಎಂದಷ್ಟೇ ಹೇಳುತ್ತೇನೆ.

ಈ ಮಾರ್ಪಾಡು ಸುಲಭವೂ ಅಲ್ಲ. ಚೆನ್ನಾಗಿ ಆಡಿದವರೆಲ್ಲ ಚೆನ್ನಾಗಿ ಕಲಿಸುತ್ತಾರೆಂದು ಭಾವಿಸುವುದು ತಪ್ಪು. ಆಟಗಾರನಿಗೆ ತನ್ನ ಕಾಲು ತಿಳಿದರೆ ಸಾಕು. ಕಲಿಸುವವನಿಗೆ ಇಪ್ಪತ್ತು ಜನರ ಮನಸ್ಸು ತಿಳಿಯಬೇಕು. ತನಗೆ ಹುಟ್ಟಿನಿಂದಲೇ ಬಂದ ಚಳಕವನ್ನು ಬಾರದವನಿಗೆ ಬಿಡಿಬಿಡಿಯಾಗಿ ತೋರಿಸಬೇಕು. ಬಂದ ಚೆಂಡನ್ನು ಅಂಗಾಲಿನ ಒಳಬದಿಯಿಂದ ಮೆತ್ತಗೆ ಹಿಡಿಯುವುದು, ಎಡಗಾಲನ್ನೂ ಬಲಗಾಲಿನಷ್ಟೇ ಪಳಗಿಸುವುದು, ಕೊಟ್ಟ ಕೂಡಲೆ ನಿಲ್ಲದೆ ತೆರಪಿರುವ ಕಡೆಗೆ ಸರಿಯುವುದು, ಇವನ್ನು ನೂರು ಸಲ ಹೇಳಿ ನೂರೊಂದನೆಯ ಸಲವೂ ಸಿಡುಕದೆ ಹೇಳಬೇಕು. ಎಳೆಯ ಮೂಳೆಗೆ ಅಳತೆ ಮೀರಿದ ಭಾರ ಹೇರಬಾರದು. ಸೋತು ಬಂದವನನ್ನು ಎಲ್ಲರೆದುರು ಗದರಬಾರದು. ಕೊನೆಗೆ ಶಿಷ್ಯ ಗೋಲು ಹೊಡೆದು ಕುಣಿದಾಗ, ತಾನು ಗೆರೆಯ ಹೊರಗೆ ನಿಂತು ಸುಮ್ಮನಿರಬೇಕು. ಹತ್ತು ವರ್ಷ ಜಯಘೋಷ ಕೇಳಿದ ಕಿವಿಗೆ ಈ ಮೌನವೇ ಎಲ್ಲಕ್ಕಿಂತ ಕಠಿಣವಾದ ವ್ರತ.

ಹೊರದೇಶದ ಒಂದು ಉದಾಹರಣೆಯನ್ನೂ ನೋಡೋಣ. ೧೯೫೨ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ತಂಡ ಭಾರತವನ್ನು ೧೦–೧ರಿಂದ ಸೋಲಿಸಿತು. ನಮ್ಮ ಕಡೆಯ ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಅಹಮದ್ ಖಾನ್. ಅದೇ ಯುಗೊಸ್ಲಾವಿಯಾ ಸೋವಿಯತ್ ರಷ್ಯದ ತಂಡವನ್ನೂ, ೫–೫ರ ಸಮಸ್ಥಿತಿಯ ನಂತರದ ಮರುಪಂದ್ಯದಲ್ಲಿ, ೩–೧ರಿಂದ ಸೋಲಿಸಿತು. ಆ ಸೋವಿಯತ್ ತಂಡದಲ್ಲಿ ಕಾನ್‌ಸ್ತಾಂತಿನ್ ಬೆಸ್ಕೋವ್ ಎಂಬ ಆಟಗಾರನಿದ್ದನು. ೧೯೨೦ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಆತ, ಮಹಾಯುದ್ಧ ಮುಗಿದ ೧೯೪೫ರ ನವೆಂಬರಿನಲ್ಲಿ ಬ್ರಿಟನ್ನಿನ ಪ್ರವಾಸ ಮಾಡಿ ಒಂದೂ ಪಂದ್ಯ ಸೋಲದೆ ಮರಳಿದ ಡೈನಮೋ ಮಾಸ್ಕೋ ತಂಡದ ಮುಂಚೂಣಿಯಲ್ಲಿ ಆಡಿದ್ದವನು. ಆಟ ಬಿಟ್ಟ ಮೇಲೆ ಆತ ತರಬೇತುದಾರನಾದ. ೧೯೬೪ರಲ್ಲಿ ಯೂರೋಪಿನ ರಾಷ್ಟ್ರಗಳ ಪಂದ್ಯಾವಳಿಯಲ್ಲಿ ತನ್ನ ದೇಶವನ್ನು ಅಂತಿಮ ಪಂದ್ಯದವರೆಗೆ ಕೊಂಡೊಯ್ದ. ಮ್ಯಾಡ್ರಿಡ್ಡಿನಲ್ಲಿ ನಡೆದ ಆ ಪಂದ್ಯದಲ್ಲಿ ಸ್ಪೇನ್ ೨–೧ರಿಂದ ಗೆದ್ದಿತು. ಇಡೀ ಯೂರೋಪಿಗೆ ಎರಡನೆಯ ಸ್ಥಾನ ದೊರಕಿಸಿದವನನ್ನು ಮೆಚ್ಚುವ ಬದಲು ಅಧಿಕಾರದಲ್ಲಿದ್ದವರು ಕೆಲಸದಿಂದ ತೆಗೆದುಹಾಕಿದರು.

ಬೆಸ್ಕೋವ್ ಎದೆಗುಂದಲಿಲ್ಲ. ೧೯೭೬ರಲ್ಲಿ ಮಾಸ್ಕೋದ ಸ್ಪಾರ್ಟಕ್ ಎಂಬ ಹೆಸರಾಂತ ತಂಡ ಸೋತು ಸೋತು ಕೆಳದರ್ಜೆಗೆ ಇಳಿದುಬಿಟ್ಟಿತು. ಆಟಗಾರನಾಗಿದ್ದಾಗ ಆತನ ಡೈನಮೋಗೆ ಅದು ಪರಮ ಎದುರಾಳಿ. ಆದರೂ ಮರುವರ್ಷ ಅದರ ಹೊಣೆಯನ್ನು ಆತ ಹೊತ್ತ. ಒಂದೇ ವರ್ಷದಲ್ಲಿ ಅದು ಮೇಲ್ದರ್ಜೆಗೆ ಮರಳಿತು, ೧೯೭೯ರಲ್ಲಿ ದೇಶದ ಚಾಂಪಿಯನ್ ಆಯಿತು, ೧೯೮೭ರಲ್ಲಿ ಮತ್ತೊಮ್ಮೆ. ಆತ ತಿದ್ದಿದ ಹುಡುಗರಲ್ಲಿ ಗೋಲಿ ರಿನಾತ್ ದಸಾಯೆವ್, ಮಧ್ಯಕ್ಷೇತ್ರದ ಫ್ಯೋದರ್ ಚೆರೆಂಕೋವ್ ಮುಂದೆ ಜಗತ್ತು ಬಲ್ಲ ಹೆಸರುಗಳಾದರು. ೨೦೦೬ರಲ್ಲಿ ಬೆಸ್ಕೋವ್ ತೀರಿಕೊಂಡಾಗ, ಆಟಗಾರ ಬೆಸ್ಕೋವನನ್ನು ಕಣ್ಣಾರೆ ಕಂಡವರು ಕೆಲವೇ ಮಂದಿ ಉಳಿದಿದ್ದಿರಬಹುದು. ಗುರು ಬೆಸ್ಕೋವನ ಶಿಷ್ಯರು ಮಾತ್ರ ಮಾಸ್ಕೋದಲ್ಲಿ ಎಲ್ಲೆಲ್ಲಿಯೂ ಇದ್ದರು. ಆಟದ ಆಯುಸ್ಸು ಹತ್ತು ಹದಿನೈದು ವರ್ಷ. ಕಲಿಸುವ ಕಾಯಕದ ಆಯುಸ್ಸು ಶಿಷ್ಯರ ಶಿಷ್ಯರವರೆಗೆ.

ಗೆದ್ದರೆ ಕೀರ್ತಿ ಆಟಗಾರನಿಗೆ, ಸೋತರೆ ದೂರು ತರಬೇತುದಾರನಿಗೆ ಎಂಬುದು ರಷ್ಯದ ರೀತಿ ಮಾತ್ರವಲ್ಲ. ನಮ್ಮ ದೇಶದಲ್ಲಿ ಶ್ರೇಷ್ಠ ಆಟಗಾರರಿಗೆ ಅರ್ಜುನ ಪ್ರಶಸ್ತಿಯನ್ನು ಕೊಡಲು ತೊಡಗಿದ್ದು ೧೯೬೧ರಲ್ಲಿ. ಕಾಲ್ಚೆಂಡಾಟದಲ್ಲಿ ಅದನ್ನು ಮೊದಲು ಪಡೆದವರು ಪಿ.ಕೆ. ಬ್ಯಾನರ್ಜಿ. ಆಟ ಕಲಿಸುವವರಿಗೆ ದ್ರೋಣಾಚಾರ್ಯ ಪ್ರಶಸ್ತಿ ಹುಟ್ಟಿದ್ದು ೧೯೮೫ರಲ್ಲಿ. ಅರ್ಜುನನನ್ನು ಸನ್ಮಾನಿಸಿದ ಇಪ್ಪತ್ತನಾಲ್ಕು ವರ್ಷಗಳ ಮೇಲೆ ದೇಶಕ್ಕೆ ದ್ರೋಣನ ನೆನಪಾಯಿತು. ಅಷ್ಟರಲ್ಲಿ ರಹೀಂ ಮೇಷ್ಟರು ಮಣ್ಣಾಗಿ ಇಪ್ಪತ್ತೆರಡು ವರ್ಷ ಕಳೆದಿತ್ತು. ಸರ್ಕಾರವನ್ನು ದೂರುವುದು ಸುಲಭ. ನಮ್ಮ ಊರುಗಳಲ್ಲಿ ನಾವು ಮಾಡುತ್ತಿರುವುದು ಇದಕ್ಕಿಂತ ಬೇರೆಯೇ ಎಂಬುದನ್ನು ಪ್ರತಿಯೊಬ್ಬರೂ ತಮ್ಮನ್ನು ತಾವೇ ಕೇಳಿಕೊಳ್ಳಬೇಕು.

ಮತ್ತೆ ಚಾಪ್‌ಮನ್ನರ ಕಥೆಗೆ ಬರೋಣ. ಜಮ್‌ಶೆಡ್‌ಪುರದ ನಂತರ ಅವರ ಕಲಿಸುವ ಬದುಕು ಒಂದೆಡೆ ನೆಲೆ ನಿಲ್ಲಲಿಲ್ಲ. ಮೇಘಾಲಯದ ಶಿಲ್ಲಾಂಗಿನಲ್ಲಿ ರಾಯಲ್ ವಾಹಿಂಗ್ದೋ, ಕಲ್ಕತ್ತೆಯಲ್ಲಿ ಭವಾನಿಪುರ, ಬೆಂಗಳೂರಿನಲ್ಲಿ ಸ್ಟೂಡೆಂಟ್ಸ್ ಯೂನಿಯನ್, ದೆಹಲಿಯಲ್ಲಿ ಸುದೇವ, ಕೊನೆಗೆ ಕೇರಳದ ಕೋಯಿಕ್ಕೋಡಿನಲ್ಲಿ ಕ್ವಾರ್ಟ್ಸ್ ಅಕಾಡೆಮಿ. ಇವು ಪತ್ರಿಕೆಯ ಮುಖಪುಟಕ್ಕೆ ಬರುವ ಹೆಸರುಗಳಲ್ಲ. ಭಾರತದ ನಾಯಕನಾಗಿದ್ದವನು ದೊಡ್ಡ ತಂಡದ ಗದ್ದುಗೆಗಾಗಿ ಕಾದು ಕುಳಿತುಕೊಳ್ಳದೆ ಎಲ್ಲಿ ಕಲಿಯುವ ಹುಡುಗರಿದ್ದರೋ ಅಲ್ಲಿಗೆ ಹೋದ. ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ನಾವು ಸಭೆಗಳಲ್ಲಿ ಹೇಳುತ್ತೇವೆ; ಹಾಗೆ ಹೇಳದೆಯೇ ನಡೆದು ತೋರಿದವರು ಇವರು. ೨೦೨೦ರ ಅಕ್ಟೋಬರ್ ೧೨ರಂದು ಬೆಂಗಳೂರಿನಲ್ಲಿ ಹೃದಯಾಘಾತದಿಂದ ಅವರು ನಿಧನರಾದರು. ವಯಸ್ಸು ಕೇವಲ ನಲವತ್ತೊಂಬತ್ತು. ಅದೇ ವರ್ಷದ ಮಾರ್ಚ್ ೨೦ರಂದು ಪಿ.ಕೆ. ಬ್ಯಾನರ್ಜಿಯವರೂ ಕಣ್ಮುಚ್ಚಿದ್ದರು. ಗುರು ಶಿಷ್ಯರಿಬ್ಬರೂ ಒಂದೇ ವರ್ಷದಲ್ಲಿ ಹೋದರು.

ಚಾಪ್‌ಮನ್ ಕಾಣದೆ ಹೋದ ಒಂದು ಸಂತೋಷವನ್ನು ಇಲ್ಲಿ ಹೇಳಬೇಕು. ರಾಜ್ಯಗಳ ನಡುವೆ ನಡೆಯುವ ಸಂತೋಷ್ ಟ್ರೋಫಿಯನ್ನು ನಮ್ಮ ನಾಡು ಮೈಸೂರು ಎಂಬ ಹೆಸರಿನಲ್ಲಿದ್ದಾಗ ನಾಲ್ಕು ಸಲ ಗೆದ್ದಿತ್ತು. ಕೊನೆಯದು ೧೯೬೮–೬೯ರಲ್ಲಿ. ಆಮೇಲೆ ಒಂದು ತಲೆಮಾರು ಕಳೆದು ಮತ್ತೊಂದು ಬಂದರೂ ಆ ಪ್ರಶಸ್ತಿ ನಮ್ಮ ಕೈಗೆ ಬರಲಿಲ್ಲ. ಅಹಮದ್ ಖಾನ್, ಅರುಮೈನಾಯಗಂ, ಚಾಪ್‌ಮನ್ ಎಲ್ಲರೂ ಹೊಟ್ಟೆಪಾಡಿಗಾಗಿ ಹೊರನಾಡಿನ ತಂಡಗಳಿಗೆ ಹೋಗಿ ಆಡಿದರು. ೨೦೨೩ರ ಮಾರ್ಚ್ ೪ರಂದು ಸೌದಿ ಅರೇಬಿಯದ ರಿಯಾದಿನಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು ೩–೨ರಿಂದ ಸೋಲಿಸಿ ಐವತ್ತನಾಲ್ಕು ವರ್ಷಗಳ ಬರವನ್ನು ನೀಗಿಸಿತು. ಗೋಲು ಹೊಡೆದ ಹುಡುಗರ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಆ ತಂಡವನ್ನು ಸಜ್ಜುಗೊಳಿಸಿದ ತರಬೇತುದಾರರ ಹೆಸರು ನಿಮ್ಮಲ್ಲಿ ಎಷ್ಟು ಜನರಿಗೆ ನೆನಪಿದೆ? ಅವರು ರವಿಬಾಬು ರಾಜು. ಈ ಹೆಸರನ್ನು ನಿಮ್ಮ ಮನೆಯ ಮಕ್ಕಳಿಗೆ ಒಮ್ಮೆ ಹೇಳಿರಿ.

ಈಗ ತರೀಕೆರೆಯ ಹಿರಿಯರ ಪ್ರಶ್ನೆಗೆ ನೇರವಾಗಿ ಬರುತ್ತೇನೆ. ಹುಡುಗನ ಆಟವನ್ನು ಬಿಡಿಸಬೇಡಿ. ಓದನ್ನೂ ಬಿಡಿಸಬೇಡಿ. ಹತ್ತನೆಯ ತರಗತಿಯ ವರ್ಷದಲ್ಲಿ ಸಂಜೆ ಒಂದು ಗಂಟೆ ಬಯಲಿನಲ್ಲಿ ಬೆವರು ಸುರಿಸಿದವನಿಗೆ ರಾತ್ರಿ ಎರಡು ಗಂಟೆ ನೆಟ್ಟಗೆ ಕುಳಿತು ಓದುವ ಶಕ್ತಿ ಬರುತ್ತದೆಯೇ ಹೊರತು ಹೋಗುವುದಿಲ್ಲ. ಆಡುವ ಹುಡುಗರಲ್ಲಿ ಸಾವಿರಕ್ಕೊಬ್ಬನೂ ಚಾಪ್‌ಮನ್ ಆಗಲಾರನೆಂಬ ಮಾತು ನಿಜ. ಆದುದರಿಂದ ಅವನಿಗೆ ಸುಳ್ಳು ಕನಸನ್ನು ಕಟ್ಟಿಕೊಡಬೇಡಿ. ಆದರೆ ಆಟದ ಹತ್ತಿರದಲ್ಲಿಯೇ ಗೌರವದಿಂದ ಬದುಕುವ ಹಲವು ದಾರಿಗಳಿವೆ. ಪದವಿಯ ನಂತರ ದೈಹಿಕ ಶಿಕ್ಷಣದ ಪದವಿ ಪಡೆದು ಉಪಾಧ್ಯಾಯನಾಗಬಹುದು. ತರಬೇತುದಾರರನ್ನು ತಯಾರಿಸಲೆಂದೇ ೧೯೬೧ರಲ್ಲಿ ಪಟಿಯಾಲದಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಸ್ಥಾಪನೆಯಾಯಿತು. ಭಾರತ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರ ಬೆಂಗಳೂರಿನಲ್ಲಿಯೇ ಇದೆ. ಕಾಲ್ಚೆಂಡಾಟದಲ್ಲಿ ಕಲಿಸುವವರಿಗೆ ಏಷ್ಯಾ ಒಕ್ಕೂಟದ ಪರವಾನಗಿಗಳಿವೆ. ಕೆಳಗಿನ ಮೆಟ್ಟಿಲಿನಿಂದ ಆರಂಭಿಸಿ ಸಿ, ಬಿ, ಎ ಎಂದು ಒಂದೊಂದಾಗಿ ಏರಿ ಪ್ರೊ ಎಂಬ ಕೊನೆಯ ಮೆಟ್ಟಿಲನ್ನು ತಲುಪಬೇಕು. ದೊಡ್ಡ ಆಟಗಾರನಾಗಿದ್ದವನೂ ಈ ಮೆಟ್ಟಿಲುಗಳನ್ನು ಹತ್ತಲೇಬೇಕು; ಹೆಸರು ಮಾಡದವನೂ ಶ್ರದ್ಧೆಯಿದ್ದರೆ ಹತ್ತಬಹುದು.

ಮಗುವನ್ನು ಯಾರ ಕೈಗೆ ಒಪ್ಪಿಸುತ್ತೀರೆಂಬುದನ್ನೂ ವಿಚಾರಿಸಿ ನೋಡಿರಿ. ಈಗ ಪಟ್ಟಣಗಳಲ್ಲಿ ಹಣ ಕಟ್ಟಿಸಿಕೊಂಡು ಆಟ ಕಲಿಸುವ ಶಾಲೆಗಳು ಬಹಳವಾಗಿವೆ. ಕಲಿಸುವವರು ತಾವು ಕಲಿತಿದ್ದಾರೆಯೇ? ಚಿಕ್ಕವರನ್ನೂ ದೊಡ್ಡವರನ್ನೂ ಬೇರೆ ಬೇರೆಯಾಗಿ ಆಡಿಸುತ್ತಾರೆಯೇ? ಬಿದ್ದ ಮಗುವಿಗೆ ಕೂಡಲೆ ಮಾಡಬೇಕಾದ ಉಪಚಾರ ಬಲ್ಲರೇ? ನಡುನಡುವೆ ನೀರು ಕುಡಿಸುತ್ತಾರೆಯೇ? ಚೆನ್ನಾಗಿ ಆಡದ ಮಗುವಿನ ಹೆಸರೂ ಅವರಿಗೆ ಗೊತ್ತಿದೆಯೇ? ಈ ಐದನೆಯ ಪ್ರಶ್ನೆಯನ್ನು ಮರೆಯದೆ ಕೇಳಿರಿ. ಒಳ್ಳೆಯ ಗುರುವಿನ ಗುರುತು ಅದರಲ್ಲಿದೆ. ನಮ್ಮ ಹೆಣ್ಣುಮಕ್ಕಳನ್ನೂ ಬಯಲಿಗೆ ಕಳುಹಿಸಿರಿ. ಅಕ್ಕನ ನಾಡಿನಲ್ಲಿ ಹುಡುಗಿಯೊಬ್ಬಳು ಓಡಿದರೆ ಅದು ಅಚ್ಚರಿಯ ಸಂಗತಿಯಾಗಬಾರದು.

ತರೀಕೆರೆಯ ಹತ್ತಿರದ ಅಮೃತಾಪುರದಲ್ಲಿ ಹೊಯ್ಸಳರ ಕಾಲದ ಅಮೃತೇಶ್ವರ ದೇವಾಲಯವಿದೆ. ೧೧೯೬ರಲ್ಲಿ ಅಮೃತೇಶ್ವರ ದಂಡನಾಯಕನು ಕಟ್ಟಿಸಿದ್ದು. ಕಟ್ಟಿಸಿದವನ ಹೆಸರು ದೇವಾಲಯಕ್ಕೇ ನಿಂತಿತು. ಅಲ್ಲಿ ಕೆಲಸ ಮಾಡಿದ ರೂವಾರಿ ಮಲ್ಲಿತಮ್ಮನ ಹೆಸರನ್ನು ಇತಿಹಾಸ ಓದಿದವರು ಬಲ್ಲರು. ಆ ಮಲ್ಲಿತಮ್ಮನ ಎಳೆಯ ಕೈಗೆ ಮೊದಲ ಬಾರಿಗೆ ಉಳಿಯನ್ನು ಕೊಟ್ಟು, ಕಲ್ಲು ಸಿಡಿಯದಂತೆ ಏಟು ಹಾಕುವುದನ್ನು ತೋರಿಸಿದವನ ಹೆಸರನ್ನು ನಾವು ಯಾರೂ ಕೇಳಿಲ್ಲ. ಆದರೆ ಅವನಿಲ್ಲದೆ ಆ ಮ౦ಟಪದ ಒ೦ದು ಭುವನೇಶ್ವರಿಯೂ ಇರುತ್ತಿರಲಿಲ್ಲ.

ಊರಿಗೆ ಮರಳಿದ ಮೇಲೆ ಆ ಹಿರಿಯರಿಗೆ ಒಂದು ಪತ್ರ ಬರೆದೆ. ಇಲ್ಲಿ ಹೇಳಿದುದನ್ನೇ ಚಿಕ್ಕದಾಗಿ ಬರೆದು, ಕೊನೆಯಲ್ಲಿ ಒಂದು ಕೋರಿಕೆಯನ್ನು ಸೇರಿಸಿದೆ. ಬಯಲಿನ ಅಂಚಿನಲ್ಲಿ ಸಿಳ್ಳೆ ಕಟ್ಟಿಕೊಂಡು ನಿಲ್ಲುವ ಆ ಮೇಷ್ಟರು ಇನ್ನು ಕೆಲವು ತಿಂಗಳಲ್ಲಿ ನಿವೃತ್ತರಾಗುತ್ತಾರೆಂದು ಹುಡುಗರು ನನಗೆ ಹೇಳಿದ್ದರು. ಬರುವ ಬಸವ ಜಯಂತಿಯ ಸಭೆಯಲ್ಲಿ ಅಂಕ ಗಳಿಸಿದ ಮಕ್ಕಳಿಗೆ ಬಹುಮಾನ ಕೊಡುವಾಗ, ಅವರನ್ನೂ ವೇದಿಕೆಗೆ ಕರೆದು ಒಂದು ಶಾಲು ಹೊದಿಸಿರಿ. ಅವರು ಯಾವ ಸಮಾಜದವರೆಂದು ಕೇಳಬೇಡಿ. ಹೊದಿಸುವುದು ನಿಮ್ಮ ಮೊಮ್ಮಗನ ಕೈಯಿಂದಲೇ ಆಗಲಿ ಎಂದು ಬರೆದೆ.

ವಾರದೊಳಗೆ ಉತ್ತರ ಬಂದಿತು. ಎರಡೇ ಸಾಲು. ಹುಡುಗ ಆಟಕ್ಕೆ ಹೋಗುತ್ತಿದ್ದಾನೆ. ಶಾಲನ್ನು ಈಗಲೇ ತಂದಿರಿಸಿದ್ದೇವೆ.

ಓದುಗ ಬಂಧುಗಳೆ, ನಿಮ್ಮ ಊರಿನ ಬಯಲಿನ ಅಂಚಿನಲ್ಲಿಯೂ ಅಂತಹ ಒಬ್ಬರು ನಿಂತಿರುತ್ತಾರೆ. ಅವರು ಬದುಕಿರುವಾಗಲೇ ಅವರನ್ನು ಗುರುತಿಸಿರಿ.